ನಡುನೋವೂ ಮೂಲಬಂಧವೂ

ವಾರ್ತೆಗಳ ಹೊತ್ತಾಯಿತೆಂದು ರೇಡಿಯೋದ ಗುಂಡಿ ತಿರುಗಿಸಲು ಕುರ್ಚಿಯಿಂದ ಏಳುವಾಗ ನಿಮ್ಮ ಕೈ ತಾನಾಗಿಯೇ ಸೊಂಟದ ಮೇಲೆ ಹೋಗುತ್ತದೆಯೆ? ಹೋಗುವುದಾದರೆ ಮುಂದಿನ ಮಾತುಗಳು ನಿಮಗಾಗಿ. ಹೋಗದಿದ್ದರೂ ಓದಬಹುದು, ನಿಮ್ಮ ಮನೆಯಲ್ಲೇ ಮತ್ತೊಬ್ಬರ ಕೈ ಹಾಗೆ ಹೋಗುತ್ತಿದ್ದೀತು, ನೀವು ಕಂಡಿರಲಾರಿರಿ. ನಾನು ಕಂಡಿರಲಿಲ್ಲ. ಆ ಮಾತು ಮುಂದೆ ಬರುತ್ತದೆ.

ನಾನು ವೈದ್ಯನಲ್ಲ. ಪ್ರೌಢಶಾಲೆಯಲ್ಲಿ ಕನ್ನಡ ಹೇಳಿಕೊಡುವವನು. ಯಾವ ವಿಷಯಕ್ಕೆ ಕೈಯಿಟ್ಟರೂ ಮೊದಲು ಪದಗಳನ್ನು ಎಣಿಸುವುದು ನನ್ನಂಥವರ ಚಟ. ದೇಹದ ಈ ಭಾಗಕ್ಕೆ ನಮ್ಮ ಭಾಷೆಯಲ್ಲಿ ಹೆಸರಿನ ಬಡತನವಿಲ್ಲ: ನಡು, ಸೊಂಟ, ಟೊಂಕ, ಕಟಿ. ಕೆಲಸಕ್ಕೆ ಅಣಿಯಾದವನು ಟೊಂಕ ಕಟ್ಟಿ ನಿಲ್ಲುತ್ತಾನೆ. ಆದರೆ ಈ ನಡುವನ್ನು ಒಳಗಿನಿಂದ ಕಟ್ಟಿ ಹಿಡಿದಿರುವ ಸ್ನಾಯುಗಳಿಗೆ ಮನೆಮಾತಿನಲ್ಲಿ ಹೆಸರಿಲ್ಲ. ನಮ್ಮ ಹೊಟ್ಟೆಯನ್ನು ಒಂದು ಕಣಜವೆಂದು ಭಾವಿಸಿಕೊಳ್ಳಿ. ಅದರ ಮುಚ್ಚಳ ಎದೆಗೂ ಹೊಟ್ಟೆಗೂ ನಡುವೆ ಕೊಡೆಯಂತೆ ಕವಿದಿರುವ ಸ್ನಾಯು. ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಅದಕ್ಕೆ ವಪೆ ಎನ್ನುತ್ತಾರೆ. ಉಸಿರನ್ನು ಒಳಕ್ಕೆಳೆಯುವುದು ಮುಖ್ಯವಾಗಿ ಅದೇ. ಗೋಡೆ, ಹೊಟ್ಟೆಯ ಸುತ್ತ ಪಟ್ಟಿಯಂತೆ ಬಳಸಿರುವ ಆಳದ ಸ್ನಾಯು. ಇನ್ನು ತಳ: ಮುಂದಿನ ಮೂಳೆಯಿಂದ ಹಿಂದಿನ ಬಾಲಮೂಳೆಯವರೆಗೆ ಜೋಲಿಯಂತೆ ಹರಡಿಕೊಂಡು, ಮೂತ್ರಕೋಶ, ಗರ್ಭಕೋಶ, ಕರುಳಿನ ಭಾರವನ್ನು ಹೊತ್ತುಕೊಂಡು, ಅವುಗಳ ಬಾಗಿಲು ಕಾಯುವ ಸ್ನಾಯುಗಳ ಸಮೂಹ. ವೈದ್ಯಗ್ರಂಥಗಳಲ್ಲಿ ಇದಕ್ಕೆ ಶ್ರೋಣಿತಳವೆಂದು ಹೆಸರಿದೆ. ಅದು ನಾಲಿಗೆಗೆ ಹತ್ತದ ಮಾತು. ನಾನು ತಳದ ಜೋಲಿ ಎಂದು ಕರೆಯುತ್ತೇನೆ, ಬಲ್ಲವರು ಮನ್ನಿಸಬೇಕು.

ಹನ್ನೆರಡು ವರ್ಷಗಳ ಹಿಂದೆ ಉತ್ತರಪತ್ರಿಕೆಗಳ ಕಟ್ಟನ್ನು ನೆಲದಿಂದ ಎತ್ತುವಾಗ ನನ್ನ ನಡು ಹಿಡಿದುಕೊಂಡಿತು. ಹಿರಿಯ ವೈದ್ಯರೊಬ್ಬರು ನೋಡಿ, ಮೂರು ವಾರ ಹಲಗೆಯ ಮೇಲೆ ಅಲ್ಲಾಡದೆ ಮಲಗಿರಿ ಎಂದರು. ಮಲಗಿದೆ. ಇಪ್ಪತ್ತೆರಡನೆಯ ದಿನ ಎದ್ದಾಗ ನೋವು ಹೋಗಿರಲಿಲ್ಲ, ಕಾಲಿನ ಕಸುವು ಹೋಗಿತ್ತು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಹೇಳಿದ್ದಕ್ಕೆ ಬಹಳ ದೊಡ್ಡ ವಂಶಾವಳಿಯುಂಟು. ಲಂಡನ್ನಿನ ಗೈಸ್ ಆಸ್ಪತ್ರೆಯ ಶಸ್ತ್ರವೈದ್ಯ ಜಾನ್ ಹಿಲ್ಟನ್ ತನ್ನ ಉಪನ್ಯಾಸಗಳನ್ನು 1863ರಲ್ಲಿ ಗ್ರಂಥವಾಗಿ ಪ್ರಕಟಿಸಿ, ನೋವೆಂಬುದು ವಿಶ್ರಾಂತಿಯನ್ನು ಬೇಡುವ ದೇಹದ ಕೂಗು ಎಂಬ ವಿಚಾರವನ್ನು ವೈದ್ಯಲೋಕದಲ್ಲಿ ನೆಲೆಗೊಳಿಸಿದನು. ಮೂಳೆ ಮುರಿದವನಿಗೆ, ಕೀಲು ಕೀವು ತುಂಬಿದವನಿಗೆ ಅದು ಸಂಜೀವಿನಿ. ಆದರೆ ಅದೇ ಸೂತ್ರವನ್ನು ನಡುನೋವಿಗೂ ಹಚ್ಚಿದರು. ಹಾಗೆ ಹಚ್ಚಿದ್ದು ಸರಿಯೆ ಎಂದು ಪರೀಕ್ಷಿಸಲು ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. 1986ರಲ್ಲಿ ಅಮೆರಿಕದ ರಿಚರ್ಡ್ ಡೇಯೋ ಮತ್ತು ಸಂಗಡಿಗರು 203 ಮಂದಿ ನಡುನೋವಿನವರನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಎರಡು ದಿನ, ಇನ್ನೊಂದಕ್ಕೆ ಏಳು ದಿನ ಮಲಗಲು ಹೇಳಿದರು. ಎರಡೇ ದಿನ ಮಲಗಿದವರು ಕೆಲಸಕ್ಕೆ ಬೇಗ ಹಿಂತಿರುಗಿದರು. ಬೇರೆ ಯಾವ ವಿಷಯದಲ್ಲೂ ಏಳು ದಿನದವರು ಅವರಿಗಿಂತ ಮೇಲಾಗಿರಲಿಲ್ಲ. ನಾನು ಮಲಗಿದ್ದು ಈ ಪರೀಕ್ಷೆ ನಡೆದು ಕಾಲು ಶತಮಾನ ಕಳೆದ ಮೇಲೆ! ವಿದ್ಯೆ ನಡೆಯುವ ವೇಗ ಅಷ್ಟು.

ಈ ಚರಿತ್ರೆಯಲ್ಲಿ 1934 ಎಂಬ ವರ್ಷವೊಂದಿದೆ; ನೆನಪಿಡತಕ್ಕದ್ದು. ಆ ವರ್ಷ ಬಾಸ್ಟನ್ ನಗರದಲ್ಲಿ ಮಿಕ್ಸ್ಟರ್ ಮತ್ತು ಬಾರ್ ಎಂಬ ಇಬ್ಬರು ವೈದ್ಯರು ಬೆನ್ನೆಲುಬಿನ ಮಣಿಗಳ ನಡುವಿನ ಬಿಲ್ಲೆ ಒಡೆದು ನರವನ್ನು ಒತ್ತುವುದರಿಂದ ಕಾಲಿಗಿಳಿಯುವ ನೋವು ಬರುವುದೆಂದು ತೋರಿಸಿದರು. ಕಂಡದ್ದು ನಿಜವೇ. ಆದರೆ ಅಂದಿನಿಂದ ಯಾರಿಗೆ ಎಲ್ಲಿ ನಡು ನೋಯಲಿ, ಡಿಸ್ಕು ಜಾರಿದೆ ಎಂಬುದು ಮನೆಮನೆಯ ಮಾತಾಯಿತು. ವಾಸ್ತವವಾಗಿ ನಡುನೋವಿನವರಲ್ಲಿ ಹತ್ತಕ್ಕೆ ಒಂಬತ್ತು ಮಂದಿಗೆ ಬೆರಳಿಟ್ಟು ತೋರಿಸಬಹುದಾದ ಒಂದು ಕಾರಣ ಸಿಕ್ಕುವುದಿಲ್ಲ.

ಅದೇ 1934ರಲ್ಲಿ ನಮ್ಮ ಮೈಸೂರಿನಿಂದ ಕನ್ನಡದಲ್ಲಿ ಒಂದು ಪುಸ್ತಕ ಹೊರಬಿತ್ತು. ಹೆಸರು ಯೋಗಮಕರಂದ, ಬರೆದವರು ತಿರುಮಲೆ ಕೃಷ್ಣಮಾಚಾರ್ಯರು. ಚಿತ್ರದುರ್ಗ ಸೀಮೆಯಲ್ಲಿ 1888ರಲ್ಲಿ ಹುಟ್ಟಿದ ಈ ವಿದ್ವಾಂಸರಿಗೆ ನಾಲ್ವಡಿ ಕೃಷ್ಣರಾಜ ಒಡೆಯರು ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಲು ಸ್ಥಳ ಕೊಟ್ಟಿದ್ದರು. ಅರಮನೆಗೆ ಆಸನಗಳು ಹೊಸತಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಶ್ರೀತತ್ತ್ವನಿಧಿಯಲ್ಲಿ 122 ಆಸನಗಳ ಬಣ್ಣದ ಚಿತ್ರಗಳಿವೆ. ಕೃಷ್ಣಮಾಚಾರ್ಯರು ಮಾಡಿದ ದೊಡ್ಡ ಕೆಲಸವೆಂದರೆ ಪ್ರತಿ ಚಲನೆಗೂ ಒಂದು ಉಸಿರನ್ನು ಗಂಟು ಹಾಕಿದ್ದು: ಇಂಥ ಕೈ ಏಳುವಾಗ ಪೂರಕ, ಇಂಥ ನಡು ಬಾಗುವಾಗ ರೇಚಕ. ಆ ಶಾಲೆಯಲ್ಲಿ ಕಲಿತವರೇ ಹಾಸನದ ಕಡೆಯ ಕೌಶಿಕದ ಪಟ್ಟಾಭಿ ಜೋಯಿಸರು. ಕೋಲಾರ ಸೀಮೆಯ ಬೆಳ್ಳೂರಿನ ಬಿ. ಕೆ. ಎಸ್. ಅಯ್ಯಂಗಾರ್ಯರು. ಕಾಯಿಲೆಗಳಿಂದ ಬಡಕಲಾಗಿದ್ದ ಹುಡುಗ ಅಯ್ಯಂಗಾರ್ ಮೈಸೂರಿಗೆ ಬಂದದ್ದೂ ಅದೇ 1934ರಲ್ಲಿ. 1950ರಲ್ಲಿ ಯೋಗಶಾಲೆಯ ಬಾಗಿಲು ಮುಚ್ಚಿತು. ಆಚಾರ್ಯರು ಮದರಾಸಿಗೆ ಹೋದರು. ಜೋಯಿಸರು 1962ರಲ್ಲಿ ಪ್ರಕಟವಾದ ತಮ್ಮ ಕನ್ನಡ ಗ್ರಂಥ ಯೋಗಮಾಲಾದಲ್ಲಿ ಆಸನ ಮಾಡುವಾಗ ಮೂಲಬಂಧವನ್ನು ಬಿಡಕೂಡದೆಂದು ಒತ್ತಿ ಹೇಳಿದರು.

ಮೂಲಬಂಧವೆಂದರೇನು? ಇಲ್ಲಿ ನಾವು ಬಹಳ ಹಿಂದಕ್ಕೆ ಹೋಗಬೇಕು. ಹದಿನೈದನೆಯ ಶತಮಾನದ ಸ್ವಾತ್ಮಾರಾಮನ ಹಠಯೋಗಪ್ರದೀಪಿಕೆಯಲ್ಲಿ ಅದರ ವಿಧಿಯಿದೆ. ಹಿಮ್ಮಡಿಯಿಂದ ಗುದಕ್ಕೂ ಜನನೇಂದ್ರಿಯಕ್ಕೂ ನಡುವಿನ ಎಡೆಯನ್ನು ಒತ್ತಿ, ಗುದವನ್ನು ಸಂಕೋಚಿಸಿ, ಕೆಳಮುಖವಾಗಿ ಹರಿಯುವ ಅಪಾನವಾಯುವನ್ನು ಮೇಲಕ್ಕೆ ಸೆಳೆಯಬೇಕು. ಹಾಗೆ ಮಾಡಿದವನ ಮಲಮೂತ್ರ ಕಡಿಮೆಯಾಗುತ್ತದೆ, ಮುದುಕನೂ ತರುಣನಾಗುತ್ತಾನೆ ಎಂದು ಫಲಶ್ರುತಿ. ಇದಕ್ಕೂ ಹಿಂದೆ, ಹನ್ನೊಂದನೆಯ ಶತಮಾನದ್ದೆಂದು ಗುರುತಿಸಲಾಗಿರುವ ಅಮೃತಸಿದ್ಧಿ ಎಂಬ ಗ್ರಂಥದಲ್ಲಿ ಈ ಬಗೆಯ ಬಂಧಗಳು ಕಾಣುತ್ತವೆ. ಅದು ಹುಟ್ಟಿದ್ದು ವಜ್ರಯಾನ ಬೌದ್ಧರ ನಡುವೆ ಎಂದು ಅದನ್ನು ಸಂಪಾದಿಸಿದ ವಿದ್ವಾಂಸರು ತೋರಿಸಿಕೊಟ್ಟಿದ್ದಾರೆ. ಹಠಯೋಗದ ಬೇರೊಂದು ಬೌದ್ಧರ ತೋಟದಲ್ಲಿದೆ ಎಂದಾಗ ನಮ್ಮೂರಿನ ಯೋಗಗುರುಗಳೊಬ್ಬರು ನನ್ನೊಡನೆ ಎರಡು ದಿನ ಮಾತು ಬಿಟ್ಟಿದ್ದರು. ಇರಲಿ.

ಈಗ ಒಂದು ಮಾತನ್ನು ನೇರವಾಗಿ ಹೇಳಿಬಿಡಬೇಕು. ಈ ಗ್ರಂಥಗಳು ಮೂಲಬಂಧವನ್ನು ಹೇಳುವುದು ನಡುನೋವಿಗಾಗಿ ಅಲ್ಲ. ಅವರ ಗುರಿ ಬಿಂದುವಿನ ರಕ್ಷಣೆ, ಪ್ರಾಣಾಪಾನಗಳ ಕೂಟ, ಕುಂಡಲಿನಿಯ ಉತ್ಥಾಪನ. ಅವರ ಕಣ್ಣಮುಂದೆ ಇದ್ದವನು ಮುಖ್ಯವಾಗಿ ಸಂಸಾರ ಬಿಟ್ಟ ಗಂಡಸು. ನಾಲ್ಕು ಹೆತ್ತು, ಕೊಡ ಹೊತ್ತು, ಬೀಸುವ ಕಲ್ಲಿನ ಮುಂದೆ ಕುಳಿತ ಹೆಂಗಸಲ್ಲ. ಎಲ್ಲವನ್ನೂ ನಮ್ಮ ಹಿರಿಯರು ಆಗಲೇ ಕಂಡಿದ್ದರು ಎಂದು ಎದೆ ತಟ್ಟಿಕೊಳ್ಳುವುದು ಸುಲಭ. ಅವರು ಕಂಡದ್ದು ಸ್ನಾಯುವನ್ನು. ಕಣ್ಣಿಗೆ ಬೀಳದ, ಹೆಸರಿಲ್ಲದ ಆ ಜಾಗದಲ್ಲಿ ಮನುಷ್ಯನ ಇಚ್ಛೆಗೆ ಒಳಪಡುವ ಒಂದು ಶಕ್ತಿಯಿದೆ, ಅದಕ್ಕೂ ಉಸಿರಿಗೂ ನಂಟಿದೆ ಎಂಬುದನ್ನು. ಅಷ್ಟು ಕಂಡದ್ದೇ ದೊಡ್ಡದು. ಅವರು ಹೇಳದೆ ಇದ್ದದ್ದನ್ನು ಅವರ ಬಾಯಲ್ಲಿ ತುರುಕುವುದು ಗೌರವವಲ್ಲ.

ಯೋಗಿಯ ಈ ಅನುಭವವನ್ನು ಯಂತ್ರವಿಟ್ಟು ಅಳೆಯಲು ಹೊರಟ ಮೊದಲಿಗರಲ್ಲಿ ಸ್ವಾಮಿ ಕುವಲಯಾನಂದರು ಮುಖ್ಯರು. ಪುಣೆಯ ಬಳಿ ಲೋನಾವಳದಲ್ಲಿ 1924ರಲ್ಲಿ ಕೈವಲ್ಯಧಾಮವನ್ನು ಸ್ಥಾಪಿಸಿ, ಉಡ್ಡಿಯಾನ, ನೌಲಿ ಮಾಡುವವರ ಕರುಳಿನ ಒಳಗಿನ ಒತ್ತಡವನ್ನು ಅಳೆದು, ಅದು ಹೊರಗಿನ ಗಾಳಿಯ ಒತ್ತಡಕ್ಕಿಂತ ಕೆಳಗಿಳಿಯುವುದನ್ನು ಕಂಡರು. ಹೊಟ್ಟೆಯ ಕಣಜದೊಳಗಿನ ಒತ್ತಡವೇ ಈ ಕಥೆಯ ಕೀಲಿ. ಆದರೆ ಆ ಕೀಲಿಯನ್ನು ನಡುನೋವಿನ ಬೀಗಕ್ಕೆ ಇನ್ನೂ ಯಾರೂ ಹಾಕಿರಲಿಲ್ಲ.

ಕಡಲಾಚೆ ಅದೇ ಸ್ನಾಯುಗಳನ್ನು ಹುಡುಕಿದವರು ಹೆರಿಗೆಯ ಮನೆಯ ಕಡೆಯಿಂದ ಬಂದರು. ಇಂಗ್ಲೆಂಡಿನ ನರ್ತಕಿ ಮಾರ್ಗರೆಟ್ ಮಾರಿಸ್ ಅಂಗಮರ್ದನ ಚಿಕಿತ್ಸೆಯನ್ನೂ ಕಲಿತು, ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯ ಮಿನ್ನಿ ರ್‍ಯಾಂಡೆಲ್ ಜೊತೆಗೂಡಿ 1936ರಲ್ಲಿ ಬಾಣಂತಿಯರ ವ್ಯಾಯಾಮದ ಪುಸ್ತಕ ಬರೆದಳು. ತಳದ ಜೋಲಿಯನ್ನು ಬಿಗಿಹಿಡಿದು ಸಡಿಲಿಸುವ ಕ್ರಮ ಅದರಲ್ಲಿದೆ. 1948ರಲ್ಲಿ ಲಾಸ್ ಏಂಜಲೀಸಿನ ಸ್ತ್ರೀರೋಗತಜ್ಞ ಆರ್ನಲ್ಡ್ ಕೆಗೆಲ್, ಹೆರಿಗೆಯ ನಂತರ ಕೆಮ್ಮಿದರೆ ಮೂತ್ರ ಜಾರುವ ಹೆಂಗಸರಿಗೆ ಶಸ್ತ್ರಚಿಕಿತ್ಸೆಯಿಲ್ಲದೆ ವ್ಯಾಯಾಮದಿಂದಲೇ ಗುಣ ಕಾಣಿಸಬಹುದೆಂದು ಲೇಖನ ಬರೆದನು. ಹಿಂಡುವಿಕೆಯ ಬಲವನ್ನು ಮುಳ್ಳಿನಲ್ಲಿ ತೋರಿಸುವ ಒಂದು ಮಾಪಕವನ್ನೂ ಕಟ್ಟಿದನು. ಯಾವ ಸ್ನಾಯುವನ್ನು ಎತ್ತಬೇಕೆಂಬುದು ಬಾಯಿಮಾತಿಗೆ ಬಹುಮಂದಿಗೆ ತಿಳಿಯುವುದಿಲ್ಲ. ಮುಳ್ಳು ಅಲ್ಲಾಡಿದಾಗ ತಿಳಿಯುತ್ತದೆ. ಇಂದಿಗೂ ಆ ವ್ಯಾಯಾಮಕ್ಕೆ ಅವನದೇ ಹೆಸರು. ಮಾರಿಸಳ ಹೆಸರನ್ನು ಬಲ್ಲವರು ಕಡಿಮೆ.

ನಮ್ಮಲ್ಲಿ ಬಾಣಂತಿಗೆ ಏನು ಮಾಡುತ್ತಿದ್ದೆವು? ಎಣ್ಣೆ ಹಚ್ಚಿ ನೀರು ಹಾಕಿ, ಹಳೆಯ ಹತ್ತಿ ಸೀರೆಯಿಂದ ಹೊಟ್ಟೆಯನ್ನು ಬಿಗಿದು ಕಟ್ಟುತ್ತಿದ್ದರು. ಹಿತವೆನಿಸುತ್ತಿತ್ತೆಂದು ನನ್ನ ತಾಯಿ ಹೇಳುತ್ತಿದ್ದಳು. ಒಳಗಿನ ಕಟ್ಟಿನ ಬಗ್ಗೆ ಮಾತ್ರ ಯಾರೂ ಏನೂ ಹೇಳಿಕೊಡಲಿಲ್ಲ.

ಯೋಗಿಯ ದಾರಿ, ಹೆರಿಗೆಮನೆಯ ದಾರಿ, ನಡುನೋವಿನ ದಾರಿ, ಇವು ಮೂರೂ ಕೂಡಿದ ಊರು ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡ್. ಅಲ್ಲಿ ಪಾಲ್ ಹಾಡ್ಜಸ್ ಮತ್ತು ಕ್ಯಾರೊಲಿನ್ ರಿಚರ್ಡ್‌ಸನ್ ಎಂಬ ವ್ಯಾಯಾಮಚಿಕಿತ್ಸಕರು 1996ರಲ್ಲಿ ಒಂದು ಸರಳ ಪ್ರಯೋಗವನ್ನು ಪ್ರಕಟಿಸಿದರು. ಹದಿನೈದು ಮಂದಿ ನಡುನೋವಿನವರು, ಹದಿನೈದು ಮಂದಿ ನೋವಿಲ್ಲದವರು. ಸ್ನಾಯುಗಳಿಗೆ ವಿದ್ಯುತ್ತಿನ ಸುಳಿವು ಹಿಡಿಯುವ ತಂತಿಗಳನ್ನಿಟ್ಟು, ಕೈ ಎತ್ತು ಎಂದರು. ನೋವಿಲ್ಲದವರಲ್ಲಿ ಕೈ ಏಳುವುದಕ್ಕೆ ಮುಂಚೆಯೇ ಹೊಟ್ಟೆಯ ಆಳದ ಪಟ್ಟಿ ಬಿಗಿಯುತ್ತಿತ್ತು. ಮನೆಗೆ ನೆಂಟರು ಬರುವ ಮೊದಲೇ ಅಂಗಳ ಗುಡಿಸಿಟ್ಟ ಹಾಗೆ. ನಡುನೋವಿನವರಲ್ಲಿ ಅದು ತಡವಾಗಿ ಬಿಗಿಯುತ್ತಿತ್ತು. ಮುಂದಿನ ವರ್ಷಗಳಲ್ಲಿ ವಪೆಯೂ ಹಾಗೆಯೇ ಮುಂಚಿತವಾಗಿ ಸಿದ್ಧವಾಗುವುದು ಕಂಡಿತು. ಏದುಸಿರು ಬಂದಾಗ ಅದು ಬೆನ್ನಿನ ಕೆಲಸವನ್ನು ಬಿಟ್ಟುಕೊಟ್ಟು ಉಸಿರಿನ ಕೆಲಸಕ್ಕೇ ಓಡುವುದೂ ಕಂಡಿತು. 2007ರಲ್ಲಿ ತಳದ ಜೋಲಿಯ ಸರದಿ: ಅದೂ ಕೈ ಎತ್ತುವ ಮೊದಲೇ ಎಚ್ಚರಗೊಳ್ಳುತ್ತದೆ, ಉಸಿರಿನೊಡನೆ ಏರಿಳಿಯುತ್ತದೆ. ಮುಚ್ಚಳ, ಗೋಡೆ, ತಳ ಮೂರೂ ಒಂದೇ ಮನೆಯ ಆಳುಗಳು.

ಇವೆಲ್ಲಕ್ಕಿಂತ ನನ್ನನ್ನು ತಟ್ಟಿದ್ದು 2006ರಲ್ಲಿ ಅದೇ ಬಳಗದವರು ಪ್ರಕಟಿಸಿದ ಒಂದು ಲೆಕ್ಕ. 38,050 ಮಂದಿ ಆಸ್ಟ್ರೇಲಿಯದ ಹೆಂಗಸರ ಉತ್ತರಗಳನ್ನು ಪರಿಶೀಲಿಸಿದಾಗ, ನಡುನೋವಿನೊಡನೆ ಮೂತ್ರದ ಹತೋಟಿ ತಪ್ಪುವಿಕೆಗೂ ಉಸಿರಾಟದ ತೊಂದರೆಗೂ ಇರುವ ನಂಟು, ಬೊಜ್ಜಿಗೂ ಮೈಗಳ್ಳತನಕ್ಕೂ ಇರುವ ನಂಟಿಗಿಂತ ಬಲವಾಗಿತ್ತು. ಯಾವುದರಿಂದ ಯಾವುದು ಬಂತೆಂದು ಈ ಲೆಕ್ಕ ಹೇಳದು. ಜೊತೆಯಲ್ಲಿವೆ ಎಂದಷ್ಟೇ ಹೇಳುತ್ತದೆ.

ಇದನ್ನು ನನಗೆ ಓದಲು ಕೊಟ್ಟವಳು ನನ್ನ ಹಳೆಯ ವಿದ್ಯಾರ್ಥಿನಿ. ಹಳಗನ್ನಡದಲ್ಲಿ ಯಾವಾಗಲೂ ಮೂವತ್ತೈದಕ್ಕೇ ನಿಲ್ಲುತ್ತಿದ್ದವಳು ಈಗ ವ್ಯಾಯಾಮಚಿಕಿತ್ಸಕಿ. ನನ್ನ ನಡುವಿಗಾಗಿ ಅವಳಲ್ಲಿಗೆ ಹೋಗಿದ್ದಾಗ ಹೆಂಡತಿಯೂ ಜೊತೆಗಿದ್ದಳು. ನನ್ನನ್ನು ನೋಡಿ ಮುಗಿಸಿದ ಮೇಲೆ ಆ ಹುಡುಗಿ, "ಅಮ್ಮಾ, ನೀವೂ ಏಳುವಾಗ ಸೊಂಟ ಹಿಡಿದುಕೊಂಡಿರಿ. ಕೆಮ್ಮಿದರೆ, ಸೀನಿದರೆ ಒಂದೆರಡು ಹನಿ ಹೋಗುತ್ತದೆಯೆ?" ಎಂದು ಕೇಳಿದಳು. ನನ್ನ ಹೆಂಡತಿ ನೆಲ ನೋಡಿದಳು. ಸ್ವಲ್ಪ ಹೊತ್ತಿನ ಮೇಲೆ, "ಎರಡನೆಯ ಮಗು ಆದಾಗಿನಿಂದ" ಎಂದಳು. ಎರಡನೆಯ ಮಗನಿಗೆ ಆಗ ಹತ್ತೊಂಬತ್ತು ವರ್ಷ. ಮದುವೆಮನೆಗಳಿಗೆ ಬರಲೊಲ್ಲೆ ಎನ್ನುತ್ತಿದ್ದುದು, ಬಸ್ಸಿನ ದೂರದ ಪಯಣಕ್ಕೆ ಮೊದಲು ನೀರು ಕುಡಿಯದೆ ಇರುತ್ತಿದ್ದುದು, ನನ್ನ ನಗೆಮಾತಿಗೆ ಜೋರಾಗಿ ನಗದೆ ಇರುತ್ತಿದ್ದುದು, ಇವಕ್ಕೆಲ್ಲ ನಾನು ಏನೇನೋ ಅರ್ಥ ಮಾಡಿಕೊಂಡಿದ್ದೆ. ತಾವರೆಗೆ ಹತ್ತು ಪರ್ಯಾಯಪದ ಹೇಳಬಲ್ಲ ನನ್ನ ಮನೆಯಲ್ಲಿ ಇದನ್ನು ಹೇಳಿಕೊಳ್ಳಲು ಅವಳಿಗೆ ಒಂದು ಪದ ಇರಲಿಲ್ಲ.

ಹಾಗಾದರೆ ಈ ವ್ಯಾಯಾಮದಿಂದ ನಡುನೋವು ಹೋಗುತ್ತದೆಯೆ ಎಂದು ನೀವು ಕೇಳುತ್ತೀರಿ. ನಿರೀಕ್ಷೆಯನ್ನು ಅಳತೆಯಲ್ಲಿಟ್ಟುಕೊಳ್ಳಿ. ಕ್ವೀನ್ಸ್‌ಲೆಂಡಿನ ಪ್ರಯೋಗಗಳ ನಂತರ ಆಳದ ಸ್ನಾಯುಗಳ ವ್ಯಾಯಾಮ ಜಗತ್ತಿನಲ್ಲೆಲ್ಲ ಹಬ್ಬಿ, ಸರ್ವರೋಗಪರಿಹಾರವೆಂಬಂತೆ ಮಾರಾಟವಾಯಿತು. ಹಲವಾರು ಪರೀಕ್ಷೆಗಳನ್ನು ಒಟ್ಟುಗೂಡಿಸಿ 2016ರಲ್ಲಿ ಕಾಕ್ರೇನ್ ಸಂಸ್ಥೆಯಿಂದ ಪ್ರಕಟವಾದ ವಿಮರ್ಶೆ, ಏನೂ ಮಾಡದೆ ಇರುವುದಕ್ಕಿಂತ ಇದು ಮೇಲು, ಆದರೆ ಬೇರೆ ವ್ಯಾಯಾಮಗಳಿಗಿಂತ ಹೇಳಿಕೊಳ್ಳುವಷ್ಟು ಮೇಲಲ್ಲ ಎಂದು ತೀರ್ಮಾನಿಸಿತು. ಯೋಗಕ್ಕೂ ಅದೇ ತಕ್ಕಡಿ. 2011ರಲ್ಲಿ ಇಂಗ್ಲೆಂಡಿನಲ್ಲಿ 313 ಮಂದಿಯನ್ನು ತೆಗೆದುಕೊಂಡು ಅರ್ಧದಷ್ಟು ಜನರಿಗೆ ಹನ್ನೆರಡು ಪಾಠಗಳ ಯೋಗ ಹೇಳಿಕೊಟ್ಟರು. ಅವರ ಓಡಾಟ, ಕೆಲಸಕಾರ್ಯ ಒಂದು ವರ್ಷದ ನಂತರವೂ ಇತರರಿಗಿಂತ ಸುಧಾರಿಸಿತ್ತು. ನೋವಿನ ಅಳತೆಯಲ್ಲಿ ಅಂಥ ಭೇದವಿರಲಿಲ್ಲ. ಅದೇ ವರ್ಷ ಅಮೆರಿಕದ ಮತ್ತೊಂದು ಪರೀಕ್ಷೆಯಲ್ಲಿ ಯೋಗವೂ ಮೈಯನ್ನು ಎಳೆದು ಸಡಿಲಿಸುವ ಸಾಮಾನ್ಯ ವ್ಯಾಯಾಮವೂ ಸರಿಸಮನಾದವು. 2020ರಲ್ಲಿ ಜಗತ್ತಿನಲ್ಲಿ 61.9 ಕೋಟಿ ಜನರಿಗೆ ನಡುನೋವಿತ್ತೆಂದು ಅಂದಾಜು. ಅಷ್ಟು ಜನರ ಬೇರೆಬೇರೆ ನೋವಿಗೆ ಒಂದೇ ಬೀಗದ ಕೈ ಇದ್ದೀತೆ? 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನೀಡಿದ ಮಾರ್ಗದರ್ಶನದಲ್ಲಿ ವ್ಯಾಯಾಮಕ್ಕೆ ಎಡೆಯಿದೆ. ಅಂಗಡಿಯಲ್ಲಿ ಸಿಕ್ಕುವ ಸೊಂಟದ ಪಟ್ಟಿಗೆ ಇಲ್ಲ.

ಆ ಹುಡುಗಿ ನಮಗೆ ಹೇಳಿಕೊಟ್ಟದ್ದು ಹೀಗೆ. ಚಾಪೆಯ ಮೇಲೆ ಅಂಗಾತ ಮಲಗಿ ಮೊಣಕಾಲು ಮಡಚಿ ಪಾದ ಊರಬೇಕು. ಒಂದು ಕೈ ಕೆಳಪಕ್ಕೆಲುಬಿನ ಮೇಲೆ, ಒಂದು ಕೈ ಹೊಕ್ಕುಳ ಕೆಳಗೆ. ಮೂಗಿನಿಂದ ಉಸಿರು ಎಳೆದಾಗ ಪಕ್ಕೆಗಳು ಅಗಲವಾಗಿ ಹಿಗ್ಗಲಿ. ಆಗ ತಳದ ಜೋಲಿಯನ್ನು ಪೂರ್ತಿ ಸಡಿಲ ಬಿಡಬೇಕು. ಉಸಿರು ಬಿಡುತ್ತ, ಸಭೆಯಲ್ಲಿ ವಾಯುವನ್ನು ತಡೆದುಕೊಳ್ಳುವವರ ಹಾಗೆ, ಹಿಂದಿನಿಂದ ಮುಂದಕ್ಕೆ ಮೆಲ್ಲಗೆ ಮೇಲೆತ್ತಬೇಕು. ತೊಡೆ, ಪಿರ್ರೆಗಳನ್ನು ಬಿಗಿಯಕೂಡದು, ಉಸಿರು ಕಟ್ಟಕೂಡದು. ಹಠಯೋಗದ ಮೂಲಬಂಧಕ್ಕೆ ಕುಂಭಕ ಜೊತೆಗಾರ, ಇಲ್ಲಿ ಉಸಿರು ಹರಿಯುತ್ತಲೇ ಇರಬೇಕು. ಎಂಟು ಹತ್ತು ಸಲ ಸಾಕು. ಸಡಿಲ ಬಿಡುವುದು ಎತ್ತುವಷ್ಟೇ ಮುಖ್ಯ. ಕೆಲವರಲ್ಲಿ ಈ ಸ್ನಾಯು ಸೊರಗಿರುವುದಿಲ್ಲ, ಸೆಟೆದುಕೊಂಡಿರುತ್ತದೆ; ಅಂಥವರು ಹಿಂಡಿದಷ್ಟೂ ನೋವು ಹೆಚ್ಚುತ್ತದೆ. ಆದಕಾರಣ ಒಮ್ಮೆಯಾದರೂ ತಿಳಿದವರಿಗೆ ತೋರಿಸಿ ಆರಂಭಿಸುವುದು ಮೇಲು. ನಡುನೋವಿನೊಡನೆ ಮೂತ್ರ ಕಟ್ಟಿದರೆ, ಕೂರುವ ಜಾಗ ಜೋಮುಗಟ್ಟಿದರೆ, ಕಾಲು ಸೋತರೆ ವ್ಯಾಯಾಮದ ಮಾತಿಲ್ಲ, ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೊರಡಬೇಕು.

ನನ್ನ ನಡು ಈಗಲೂ ವರ್ಷಕ್ಕೆರಡು ಸಲ ತನ್ನ ಇರವನ್ನು ನೆನಪಿಸುತ್ತದೆ, ಮಲಗಿಸುವಷ್ಟಲ್ಲ. ಹೆಂಡತಿಗೆ ನಾಲ್ಕು ತಿಂಗಳಲ್ಲಿ ಹನಿ ಜಾರುವುದು ಬಹಳ ಮಟ್ಟಿಗೆ ನಿಂತಿತು; ಸೊಂಟದ ನೋವು ಅರ್ಧಕ್ಕಿಳಿದಿದೆ ಎನ್ನುತ್ತಾಳೆ. ಸಂಜೆ ವಾರ್ತೆಗಳು ಬರುವಾಗ ಇಬ್ಬರೂ ಎರಡು ಚಾಪೆ ಹಾಸಿಕೊಳ್ಳುತ್ತೇವೆ. ನಾನು ಮೂರು ವಾರ ಮಲಗಿದ್ದ ಹಲಗೆಯನ್ನು ಅವಳು ಹಪ್ಪಳ ಒಣಗಿಸಲೆಂದು ಮಾಳಿಗೆಗೆ ಸಾಗಿಸಿದ್ದಾಳೆ.